ಮಸ್ತ್ ಅಂದವರೂ ಓದಿದವರೂ

ನನ್ನ ವಿದ್ಯಾರ್ಥಿಗಳ ಬ್ಲಾಗು ನೋಡಿದ ಯಾರಿಗಾದರೂ, ಖಾನಾಪುರದ ನಮ್ಮ ಕಾಲೇಜಿನಲ್ಲಿ ಮಹಾಕವಿಗಳನ್ನು ಬಿಟ್ಟು ಬೇರೆಯವರಿಗೆ ಪ್ರವೇಶವೇ ಇಲ್ಲವೇನೋ ಅನ್ನಿಸಬೇಕು. ಬರಹ ಯಾವುದೇ ಇರಲಿ, ಕೆಳಗೆ 'ಮಸ್ತ್', 'ಭಾರಿ', 'ಸೂಪರ್', 'ಹೀಗೇ ಬರೀತಾ ಇರಿ'. ಒಬ್ಬಳು ಶೀರ್ಷಿಕೆಯನ್ನಷ್ಟೇ ಹಾಕಿ ಬರಹ ಹಾಕುವುದನ್ನು ಮರೆತಿದ್ದಳು. ಅದೂ ಮಸ್ತ್ ಆಗಿತ್ತಂತೆ!

ತಪ್ಪು ಅವರದಲ್ಲ. ಗೆಳೆಯರ ಬರಹ ಓದಿ ಮರ್ಯಾದೆಯಿಂದ ಅಭಿಪ್ರಾಯ ಬರೆಯಿರಿ ಎಂದು ಹೇಳಿದವಳು ನಾನೇ. ನಮ್ಮ ಕಡೆ ಮರ್ಯಾದೆ ಅಂದರೆ ಗೊತ್ತಲ್ಲ, ಮದುವೆಯೂಟಕ್ಕೆ ಕೂತವರು ಹೋಳಿಗೆ ಎಲೆಗೆ ಬೀಳುವ ಮೊದಲೇ ಅಡಿಗೆ ಭಾರಿ ಆಗಿದೆ ಅಂದುಬಿಡುತ್ತಾರೆ. ಬೀಗರೂ ಖುಷ್, ಅಡಿಗೆಯವರೂ ಖುಷ್. ಮಕ್ಕಳು ಅದನ್ನೇ ಬ್ಲಾಗಿಗೂ ಬಡಿಸಿದರು. ನಾನೋ, ಟಿಳಕವಾಡಿಯ ಮನೆಯಿಂದ ಹೊರಟು ಕಾಲೇಜಿಗೆ ಹೋಗುವ ರೈಲಿನಲ್ಲಿ ಕೂತು ಮೊಬೈಲಿನಲ್ಲಿ ಅದನ್ನೆಲ್ಲ ನೋಡಿ, ಎಂಥ ಸಭ್ಯ ಮಕ್ಕಳಪ್ಪಾ ಎಂದು ಹಿಗ್ಗುತ್ತಿದ್ದೆ. ಕಾವ್ಯಮೀಮಾಂಸೆಯ ಪಾಠದಲ್ಲಿ 'ಸಹೃದಯ' ಎಂಬ ಪದವನ್ನು ಪ್ರತಿವರ್ಷ ಹಿಂಜಿ ಹಿಂಜಿ ಹೇಳುವ ನನಗೆ, ಆ ಸಹೃದಯ ಮೊದಲು ಓದಬೇಕು ಅನ್ನುವ ಸಣ್ಣ ಸಂಗತಿ ಹೊಳೆದಿರಲಿಲ್ಲ.

ಹೊಳೆಯುವಂತೆ ಮಾಡಿದವಳು ವೈಷ್ಣವಿ. ಮನೆಯಲ್ಲಿ ಮಾತು ಮರಾಠಿ, ಬರೆಯುವುದು ಕನ್ನಡ. ಅವಳ ತಂದೆಗೆ ಗಂಟಲಿನ ಕಾಯಿಲೆಯಿಂದ ಧ್ವನಿ ಹೋಗಿತ್ತು. ದಿನಾ ಸಂಜೆ ಓಣಿಯ ತುದಿಯಿಂದಲೇ ಮಗಳ ಹೆಸರು ಕೂಗುತ್ತ ಮನೆಗೆ ಬರುತ್ತಿದ್ದ ಮನುಷ್ಯ. ಈಗ ಸಂಜೆಯಾದರೆ ಮನೆಯಲ್ಲಿ ಕೂರಲಾಗುವುದಿಲ್ಲ ಎಂದು ಅವಳು ಬರೆದಿದ್ದಳು. ಕೆಳಗೆ ಸಾಲಾಗಿ ಮಸ್ತ್, ಸೂಪರ್, ಒಂದು ಅಭಿನಂದನೆ ಕೂಡ.

ಮರುದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. "ಮೇಡಂ, ಅದನ್ನ ತಗದಬಿಡ್ರಿ. ಇನ್ನ ನಾ ಬರಿಯಂಗಿಲ್ಲ. ಯಾರರ ಬೈದಿದ್ರ, ಓದ್ಯಾರ ಅಂತರ ತಿಳೀತಿತ್ತು."

ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆ ಅಂತ ಮಾತ್ರ ತಿಳಿಯಲಿಲ್ಲ. ಸ್ವಲ್ಪ ತಡೆಯವ್ವಾ ಅಂದೆ.

ತರಗತಿಯಲ್ಲಿ ಹೊಸ ಕಟ್ಟಳೆ ಹಾಕಿದೆ. ಹೊಗಳುವಂತಿಲ್ಲ, ತೆಗಳುವಂತಿಲ್ಲ, ಓದಿದ ಮೇಲೆ ಇನ್ನೂ ತಿಳಿಯಬೇಕು ಅನ್ನಿಸಿದ್ದನ್ನು ಕೇಳಬೇಕು, ಅಷ್ಟೇ. ಹುಡುಗರು ಗೊಣಗಿದರು. ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಒಬ್ಬ ವಿಚಾರಿಸಿದ. ಬ್ಲಾಗಿನಲ್ಲಿ ಕೆಲವು ದಿನ ಯಾರೂ ಪಿಟ್ಟೆನ್ನಲಿಲ್ಲ. ಹೊಗಳಿಕೆ ಎಷ್ಟು ಸುಲಭ ನೋಡಿ. ಒಂದು ಪ್ರಶ್ನೆ ಕೇಳಬೇಕೆಂದರೆ ಬರಹದ ಕೊನೆಯ ಸಾಲಿನವರೆಗೂ ಹೋಗಬೇಕಲ್ಲ.

ಕೊನೆಗೆ ದೇಸೂರಿನ ರೇಣುಕಾ, ಹಾಜರಿ ಕೂಗಿದರೆ ಓಗೊಡಲೂ ನಾಚುವ ಹುಡುಗಿ, ವೈಷ್ಣವಿಯ ಬರಹದ ಕೆಳಗೆ ಕೇಳಿದಳು: "ಈಗ ನಿಮ್ಮ ಬಾಬಾ ನಿನ್ನ ಹೆಂಗ ಕರೀತಾರ?"

ಸಂಜೆಗೆ ಉತ್ತರ ಬಂತು. "ಚಪ್ಪಾಳಿ ತಟ್ಟತಾರ. ಅವ್ವನ್ನ ಕರಿಯೂ ಚಪ್ಪಾಳಿ ಬ್ಯಾರೆ, ನನ್ನ ಕರಿಯೂದ ಬ್ಯಾರೆ. ಇದನ್ನ ಇನ್ನೂ ಯಾರೂ ಕೇಳಿರಲಿಲ್ಲ. ಪೂರಾ ನಾಳೆ ಬರೀತೀನಿ."

ಅದರ ಕೆಳಗೆ ಆ ಸಂಜೆ ಬೇರೆ ಯಾರೂ ಏನೂ ಬರೆಯಲಿಲ್ಲ. ಎಲ್ಲರೂ ಓದುತ್ತಿದ್ದಾರೆ ಎಂದು ನನಗೆ ಮೊದಲ ಸಲ ಅನ್ನಿಸಿತು.