ನಮ್ಮ ಓನರ್ ಕಟ್ಟಿದ ದೋಣಿ

ನಮ್ಮ ಮನೆ ಓನರ್ ಎಡಗೈಯ ತೋರುಬೆರಳೂ ನಡುಬೆರಳೂ ಒಂದಕ್ಕೊಂದು ಅಂಟಿಕೊಂಡಿದ್ದವು. ನಾನು ಕುಕ್ಕರ್ ಇಡುವ ಹೊತ್ತಿಗೆ ಮಹಡಿ ಹತ್ತಿ ಬಂದು, ಆ ಕೈಯನ್ನು ಎದೆಯ ಹತ್ತಿರ ಎತ್ತಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಬೆರಳುಗಳ ಮೇಲೆ ಜೇನುತುಪ್ಪದ ಬಣ್ಣದ ಪೊರೆಯೊಂದು ಗಟ್ಟಿಯಾಗಿ ಹೊಳೆಯುತ್ತಿತ್ತು.

"ಸ್ವಲ್ಪ ಕೊಬ್ಬರಿ ಎಣ್ಣೆ ಕೊಡಮ್ಮಾ," ಅಂದರು. "ಕೆಳಗಡೆನೂ ಇದೆ. ಆದ್ರೆ ನಿಮ್ಮ ಆಂಟಿ ನೋಡಿದ್ರೆ ಹೆದರ್ಕೋತಾಳೆ."

ಹೆದರಿದ್ದವರು ಅವರೇ. ಬೆರಳು ಕತ್ತರಿಸಬೇಕಾಗುತ್ತಾ ಎಂದು ನನ್ನನ್ನೇ ಕೇಳಿದರು. ನಾನು ಎಣ್ಣೆ ಹಚ್ಚಿ, ಉಜ್ಜಿ, ಕೊನೆಗೆ ಚಮಚದ ಹಿಡಿ ತೂರಿಸಿ ಬಿಡಿಸಿದೆ. ಒಂದಿಷ್ಟು ಚರ್ಮವೂ ಕಿತ್ತು ಬಂತು. ಅವರು ಕಣ್ಣು ಮುಚ್ಚಿಕೊಂಡಿದ್ದರು, ನಾನೂ ಅರ್ಧ ಮುಚ್ಚಿಕೊಂಡೇ ಆ ಕೆಲಸ ಮಾಡಿದೆ.

ನಾವಿಬ್ಬರೂ ಒಂದೇ ಜಾತಿಯ ಪುಕ್ಕಲರು. ಗ್ಯಾಸ್ ಆಫ್ ಮಾಡಿ ಬೀದಿ ತುದಿಯವರೆಗೆ ಹೋಗಿ ಮತ್ತೆ ನೋಡಲು ಬರುವವರು ಅವರು. ಗುಡುಗಿದ ಕೂಡಲೇ ಟಿವಿ ವೈರ್ ಕಿತ್ತು, ನಮಗೂ ಫೋನ್ ಮಾಡಿ "ನಿಮ್ದೂ ತೆಗೀಮ್ಮಾ" ಅನ್ನುವರು. ಅಷ್ಟರಲ್ಲಿ ನಾನು ತೆಗೆದೇ ಇರುತ್ತಿದ್ದೆ. ಯಲಹಂಕ ಕೆರೆ ಕೋಡಿಯ ಕೆಳಗಿನ ತಗ್ಗಿನ ಲೇಔಟಿನಲ್ಲಿ ಅವರದು ನೆಲಮಹಡಿ, ನಮ್ಮದು ಮೇಲಿನ ಬಾಡಿಗೆ ಮನೆ. ನನ್ನ ಗಂಡ ಪೀಣ್ಯದ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಕ್ಕೆ ಹೋಗುತ್ತಾರೆ, ನಾನು ಮನೆಯಲ್ಲೇ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳುತ್ತೇನೆ. ಓನರ್ ಯಲಹಂಕ ಹಳೇ ಊರಿನಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟುಕೊಂಡಿದ್ದವರು. ಹೆಂಡತಿಯ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಅಂಗಡಿ ಮುಚ್ಚಿ ಮನೆಯಲ್ಲೇ ಉಳಿದರು. ಮಕ್ಕಳಿರಲಿಲ್ಲ. ಒಂದು ದಿನ ಬಿಟ್ಟು ಒಂದು ದಿನ ಹೆಬ್ಬಾಳದ ಕಡೆಯ ಆಸ್ಪತ್ರೆಗೆ ಆಂಟಿಯನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವುದೇ ಅವರ ನೌಕರಿಯಾಗಿತ್ತು.

ದೋಣಿಯ ಯೋಚನೆ ಹುಟ್ಟಿದ್ದು ಒಂದು ಮಳೆಯಿಂದ. ಆ ವರ್ಷ ಕೆರೆ ಕೋಡಿ ಬಿದ್ದು ರಾಜಕಾಲುವೆ ಉಕ್ಕಿ, ನಮ್ಮ ಬೀದಿ ಎರಡು ದಿನ ನೀರಿನಲ್ಲಿ ನಿಂತಿತು. ಆಟೋ ಬರಲಿಲ್ಲ, ಆಂಬುಲೆನ್ಸ್ ಮೇನ್ ರೋಡಿನಲ್ಲೇ ನಿಂತುಬಿಟ್ಟಿತು. ಆಂಟಿಯನ್ನು ನಮ್ಮ ಮನೆಗೆ ಹತ್ತಿಸಿ ಮಲಗಿಸಿದ್ದೆವು. ಡಯಾಲಿಸಿಸ್ ತಪ್ಪಿದ ಮರುದಿನ ಅವರ ಮುಖ ಊದಿಕೊಂಡಿತು, ಮಲಗಿದರೆ ಉಸಿರು ಸಿಗದೆ ಎದ್ದೆದ್ದು ಕೂರುತ್ತಿದ್ದರು. ಓನರ್ ಕಿಟಕಿಯ ಸರಳು ಹಿಡಿದು ನೀರು ಇಳಿಯುವುದನ್ನೇ ನೋಡುತ್ತಾ ನಿಂತಿದ್ದರು. ಸಂಜೆಗೆ ಯಾರದೋ ಟ್ರ್ಯಾಕ್ಟರ್ ಬಂತು. ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ. ಆ ಮಾತು ಅವರ ಹೊಟ್ಟೆಯೊಳಗೆ ಕೂತುಬಿಟ್ಟಿತು.

ಮೊದಲು ಗಾಳಿ ತುಂಬುವ ರಬ್ಬರ್ ದೋಣಿ ತರಿಸೋಣ ಅಂದುಕೊಂಡರು. ಆಮೇಲೆ ಬೀದಿಯ ಕಾಂಪೌಂಡುಗಳ ಮೇಲಿನ ಗಾಜಿನ ಚೂರು, ಖಾಲಿ ಸೈಟುಗಳ ಮುಳ್ಳುತಂತಿ ನೆನಪಾಗಿ ಅದು ಪಂಕ್ಚರ್ ಆಗುವುದನ್ನು ಕಣ್ಣಲ್ಲೇ ಕಂಡು ಬೇಡವೆಂದರು. ಮೊಬೈಲಿನಲ್ಲಿ ವಿಡಿಯೋ ನೋಡುತ್ತಾ ಕೂತವರು, ಒಂದು ದಿನ ಯಶವಂತಪುರದಿಂದ ಲಗೇಜ್ ಆಟೋದಲ್ಲಿ ನೀರಿಗೆ ಕೆಡದ ಮರೈನ್ ಪ್ಲೈ ಹಲಗೆಗಳನ್ನು ಹೇರಿಸಿಕೊಂಡು ಬಂದು ಪೋರ್ಟಿಕೋದಲ್ಲಿ ಇಳಿಸಿದರು. ಹಲಗೆ ಕತ್ತರಿಸುವ ಮೊದಲು ಗೇಟಿನ ಅಗಲವನ್ನು ನನ್ನ ಕೈಯಲ್ಲೂ ಅಳೆಸಿದರು. ದೋಣಿಯ ಉದ್ದಕ್ಕೆ ಆಂಟಿಯನ್ನೇ ಚಾಪೆಯ ಮೇಲೆ ಮಲಗಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದರು. "ಬದುಕಿರೋವಾಗ್ಲೇ ಅಳತೆ ತಗೋತಿದ್ದಾರೆ ನೋಡು," ಎಂದು ಆಂಟಿ ನಕ್ಕರು. ಓನರ್ ನಗಲಿಲ್ಲ, ಗೆರೆ ಅಳಿಸಿ ಅವರನ್ನು ಕೂರಿಸಿ ಹೊಸದಾಗಿ ಅಳತೆ ತೆಗೆದರು.

ಹಲಗೆಗಳ ಅಂಚಿಗೆ ಸಣ್ಣ ತೂತು ಕೊರೆದು, ತಾಮ್ರದ ತಂತಿಯಿಂದ ಊಟದೆಲೆ ಹಚ್ಚಿದಂತೆ ಹೊಲಿದರು. ಸಂದುಗಳಿಗೆ ಮರದ ಹೊಟ್ಟು ಕಲಸಿದ ಎಪಾಕ್ಸಿ ಮೆತ್ತಿ, ಮೇಲೆ ಗಾಜಿನ ನೂಲಿನ ಬಟ್ಟೆ ಅಂಟಿಸಿದರು. ಎಪಾಕ್ಸಿ ಅಂದರೆ ರೆಸಿನ್ ಮತ್ತು ಹಾರ್ಡನರ್ ಎಂಬ ಎರಡು ದ್ರವ. ಎರಡನ್ನೂ ಬೆರೆಸಿದರೆ ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಅವರ ಬೆರಳುಗಳನ್ನು ಅಂಟಿಸಿದ್ದೂ ಇದೇ. ಬೇಸಿಗೆಯ ಒಂದು ಮಧ್ಯಾಹ್ನ ಕೆಲಸ ಬೇಗ ಮುಗಿಯಲಿ ಎಂದು ಪ್ಲಾಸ್ಟಿಕ್ ಮಗ್ ತುಂಬ ಒಮ್ಮೆಲೇ ಬೆರೆಸಿದರು. ಮಗ್ ಕಾದು ಹೊಗೆಯಾಡತೊಡಗಿತು, ಕೈಯಲ್ಲೇ ಮೆತ್ತಗಾಗಿ ಬಾಗಿತು. ಅವರು ಅದನ್ನು ಅಂಗಳಕ್ಕೆ ಎಸೆದು, ಆಂಟಿಯನ್ನು ಎಳೆದುಕೊಂಡು ಬೀದಿಗೆ ಓಡಿದರು. ನಾನು ಕಾರಣ ತಿಳಿಯದೆಯೇ ಟ್ಯೂಷನ್ ಮಕ್ಕಳೊಂದಿಗೆ ಅವರ ಹಿಂದೆ ಓಡಿದೆ. ಬೀದಿಯವರೆಲ್ಲ ನಕ್ಕರು. ಮರುದಿನದಿಂದ ಕಾಫಿ ಲೋಟದಲ್ಲಿ ಅಷ್ಟಷ್ಟೇ ಬೆರೆಸಿಕೊಂಡು ಕೆಲಸ ಮುಂದುವರಿಸಿದರು.

"ಇಷ್ಟು ಹೆದರ್ಕೊಂಡು ಇದ್ನೆಲ್ಲ ಯಾಕೆ ಮಾಡ್ತೀರಾ ಅಂಕಲ್?" ಎಂದು ಒಮ್ಮೆ ಕೇಳಿದ್ದೆ.

"ಹೆದ್ರಿಕೆ ಆಗುತ್ತಲ್ಲಮ್ಮಾ, ಅದಕ್ಕೇ," ಅಂದರು.

ಗಾಜಿನ ಬಟ್ಟೆಯನ್ನು ಉಜ್ಜಿ ನಯ ಮಾಡುವಾಗ ಏಳುವ ಪುಡಿ ಅವರ ಮೊಣಕಾಲಿನ ಕೆಳಗೆಲ್ಲ ಕೂತು ವಿಪರೀತ ತುರಿಸುತ್ತಿತ್ತು. ಕೆರೆದು ಕೆರೆದು ಹುಣ್ಣಾಗಿತ್ತು. ಪ್ಯಾಂಟು ಹಾಕಿಕೊಂಡು ಉಜ್ಜಿ ಎಂದರೆ ಸೆಕೆ ಅನ್ನುವರು.

ಕೆಲಸ ಮುಗಿದ ಮೇಲೆ ದೋಣಿಯನ್ನು ಹೆಸರಘಟ್ಟದ ಕಡೆಯ ನೆಂಟರ ತೋಟಕ್ಕೆ ಸಾಗಿಸಿ, ಅಲ್ಲಿನ ಕೃಷಿ ಹೊಂಡದಲ್ಲಿ ತೇಲಿಸಿದೆವು. ಆಂಟಿಯ ಜಾಗದಲ್ಲಿ ಎರಡು ಮರಳು ಚೀಲ ಇಟ್ಟರು. "ನೀನ್ ಕೂತ್ಕೊಂಡ್ ನೋಡಣ್ಣ, ಚೀಲಕ್ಕೇನ್ ಗೊತ್ತಾಯ್ತದೆ? ಅದು ಇಂಗೇ ಕುಂತಿರ್ತದೆ," ಎಂದು ತೋಟದವರು ಛೇಡಿಸಿದರು. ಓನರ್ ದಡ ಬಿಟ್ಟು ಕದಲಲಿಲ್ಲ. ಸಂಜೆಯವರೆಗೆ ಕಾದು, ದೋಣಿಯೊಳಗೆ ಕೈಯಾಡಿಸಿ, ಒದ್ದೆಯಾಗದ ಅಂಗೈಯನ್ನು ನನಗೆ ತೋರಿಸಿದರು. ಅವರು ಅಷ್ಟು ನಿರಾಳವಾಗಿ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. ಮನೆಗೆ ತಂದು, ಒಳಗೆ ಧೂಳು ಬೀಳದಿರಲಿ ಎಂದು ಎರಡು ಸ್ಟೂಲುಗಳ ಮೇಲೆ ಬೋರಲು ಹಾಕಿದರು.

ಬೋರಲು ಹಾಕಿದ್ದೇ ಮುಳುವಾಯಿತು. ಆಯುಧ ಪೂಜೆಯ ದಿನ ಸ್ಕೂಟರಿಗೆ, ಮಿಕ್ಸಿಗೆ ಪೂಜೆ ಮಾಡಿದ ಆಂಟಿ ದೋಣಿಗೂ ಅರಿಶಿನ ಕುಂಕುಮ ಇಟ್ಟರು. ಬೀದಿಯವರೆಲ್ಲ ನೋಡಿ ನೋಡಿ ಆಡಿಕೊಂಡ ದೋಣಿಗೆ ದೃಷ್ಟಿಯಾಗದೆ ಇರುತ್ತದೆಯೇ? ಓನರ್ ಔಷಧಿ ತರಲು ಹೋಗಿದ್ದಾಗ ಕೆಲಸದವಳ ಕೈಯಲ್ಲಿ ದೋಣಿಯ ಮುಂಭಾಗಕ್ಕೆ ಒಂದು ಮೊಳೆ ಹೊಡೆಸಿ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ ದಾರ ತೂಗುಹಾಕಿದರು. ಚೆಂಡುಹೂವಿನ ಹಾರದ ಕೆಳಗೆ ಮೊಳೆ ಯಾರಿಗೂ ಕಾಣಲಿಲ್ಲ.

ದೀಪಾವಳಿಗೆ ಮುಂಚೆ ಮತ್ತೆ ಮಳೆ ಹಿಡಿಯಿತು. ಬೆಳಗಾಗುವಷ್ಟರಲ್ಲಿ ಬೀದಿಯಲ್ಲಿ ಸೊಂಟದಷ್ಟು ನೀರು. ಆಂಟಿಗೆ ಅವತ್ತು ಡಯಾಲಿಸಿಸ್. ನನ್ನ ಗಂಡ ರಾತ್ರಿ ಶಿಫ್ಟು ಮುಗಿಸಿ ಗೊರಗುಂಟೆಪಾಳ್ಯದಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಓನರ್ ಕರೆದಾಗ ನಾನು ಇಳಿದುಹೋಗಿ ಕೈಜೋಡಿಸಿದೆ. ಇಬ್ಬರೂ ಸೇರಿ ದೋಣಿಯನ್ನು ನೆಟ್ಟಗೆ ತಿರುಗಿಸಿದೆವು. ಒಳಗೆ, ಪಾದ ಇಡುವ ತಳದಲ್ಲಿ, ಮೊಳೆಯ ಚೂಪು ಹೊರಬಂದಿತ್ತು. ಬಾಡಿದ ನಿಂಬೆಹಣ್ಣು ಕೆಳಗೆ ಜೋತಾಡುತ್ತಿತ್ತು.

"ನಾನೇ ರೀ ಹೊಡ್ಸಿದ್ದು," ಅಂದರು ಆಂಟಿ, ಬ್ಯಾಗು ಹಿಡಿದು ಹೊಸ್ತಿಲ ಮೇಲೆ ನಿಂತು. "ಅದು ಮೇಲ್ಭಾಗ ಅಂದ್ಕೊಂಡೆ."

ಓನರ್ ಬೈಯಲಿಲ್ಲ. ಎಪಾಕ್ಸಿ ಒಣಗಲು ಸಂಜೆಯಾಗುತ್ತದೆ, ಅಷ್ಟು ಹೊತ್ತು ಕಾಯುವಂತಿರಲಿಲ್ಲ. ಕಟಿಂಗ್ ಪ್ಲೇಯರಿನಿಂದ ಮೊಳೆ ಕಿತ್ತು, ನಲ್ಲಿ ಪೈಪಿಗೆ ಮೆತ್ತುವ ಪುಟ್ಟಿಯನ್ನು ತೂತಿಗೆ ತುಂಬಿದರು. ಅದೂ ಗಟ್ಟಿಯಾಗಲು ಸಮಯ ಬೇಕು. ಅಲ್ಲಿಯವರೆಗೆ ಯಾರಾದರೂ ಒಳಗೆ ಕೂತು ಬಟ್ಟೆ ಇಟ್ಟು ಒತ್ತಿ ಹಿಡಿಯಬೇಕು. ಆಂಟಿಯ ಎಡಗೈ ಡಯಾಲಿಸಿಸ್‌ಗೆ ಸೂಜಿ ಚುಚ್ಚುವ ಕೈ, ಅದಕ್ಕೆ ಭಾರ ಹಾಕುವಂತಿಲ್ಲ. ಬಲಗೈಯಲ್ಲಿ ದೋಣಿಯ ಅಂಚು ಹಿಡಿದುಕೊಳ್ಳಬೇಕು. ಓನರ್ ನನ್ನ ಮುಖ ನೋಡಿದರು. ನಾನು ಹತ್ತಿ ಕೂತೆ.

ಓನರ್ ಮುಂದೆ, ನೀರಿನಲ್ಲಿ. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಬಿದಿರು ಕೋಲು. ಕೋಲಿನಿಂದ ನೆಲ ಮುಟ್ಟಿ ನೋಡಿ ಒಂದು ಹೆಜ್ಜೆ, ಮತ್ತೆ ಮುಟ್ಟಿ ಇನ್ನೊಂದು. ನೀರು ಕಾಫಿ ಬಣ್ಣಕ್ಕೆ ತಿರುಗಿ ಚರಂಡಿ ನಾತ ಹೊಡೆಯುತ್ತಿತ್ತು. ಕರೆಂಟ್ ಕಂಬಗಳಿಂದ ದೂರ, ಬೀದಿಯ ನಟ್ಟನಡುವೆ ನಮ್ಮನ್ನು ಎಳೆದರು. ನನ್ನ ಬೆರಳಿನ ಪಕ್ಕದಿಂದ ನೀರು ತೆಳ್ಳಗೆ ಒಸರುತ್ತಿತ್ತು. ಆಂಟಿಗೆ ಕಾಣದಂತೆ ಅದರ ಮೇಲೆ ಸೆರಗು ಹರಡಿದೆ. ತಿರುವಿನಲ್ಲಿ ಅವರ ಕೋಲು ಸರ್ರನೆ ಪೂರ್ತಿ ಒಳಗಿಳಿಯಿತು. ತೆರೆದ ಮೋರಿ. ಅವರು ಅಲ್ಲೇ ನಿಂತುಬಿಟ್ಟರು.

"ಅಂಕಲ್, ವಾಪಸ್ ಹೋಗೋಣ," ಅಂದೆ.

"ವಾಪಸ್ ಹೋದ್ರೆ ನಾಳೆ ಇವಳಿಗೆ ಉಸಿರಾಡೋಕ್ ಆಗಲ್ಲ," ಅಂದರು, ತಿರುಗದೆ. "ನಂಗೆ ತುಂಬ ಭಯ ಆಗ್ತಿದೆ ಕಣಮ್ಮಾ. ನೀನು ಏನಾದ್ರೂ ಮಾತಾಡ್ತಾ ಇರು. ಸುಮ್ನಿರಬೇಡ."

ನನ್ನ ಬಾಯಿಗೆ ಬಂದದ್ದು ಹತ್ತೊಂಬತ್ತರ ಮಗ್ಗಿ. ಹತ್ತೊಂಬತ್ತೊಂದ್ಲಿ ಹತ್ತೊಂಬತ್ತು ಎಂದು ಶುರು ಮಾಡಿದೆ. ಆಂಟಿ ದನಿಗೂಡಿಸಿದರು. ಓನರ್ ಕೋಲು ಎಳೆದು, ಮೋರಿಯ ಅಂಚನ್ನು ತಡವಿ, ಸುತ್ತುಹಾಕಿ ನಡೆದರು. ಮಗ್ಗಿ ಮುಗಿದರೆ ಮತ್ತೆ ಮೊದಲಿಂದ. ಮೇನ್ ರೋಡಿನ ಏರು ಸಿಕ್ಕಿ ದೋಣಿಯ ತಳ ಟಾರಿಗೆ ತಾಗಿದಾಗ ಒಳಗೆ ಪಾದ ಮುಳುಗುವಷ್ಟು ನೀರಿತ್ತು. ಆಂಟಿಗೆ ಅವತ್ತು ಡಯಾಲಿಸಿಸ್ ಸಿಕ್ಕಿತು.

ಹಾವು, ಕರೆಂಟು, ಮೋರಿ, ಸೆಳೆತ, ಎಲ್ಲಕ್ಕೂ ಹೆದರಿದ್ದ ಆ ಮನುಷ್ಯ ಹೆದರದೆ ಉಳಿದದ್ದು ತಮ್ಮ ಕಾಲಿನ ಇನ್ನೂ ಮಾಯದ ಹುಣ್ಣಿಗೆ ಮಾತ್ರ. ವಾರ ಕಳೆಯುವಷ್ಟರಲ್ಲಿ ಚಳಿಜ್ವರ ಬಂತು, ಮೀನಖಂಡ ಹಿಡಿದುಕೊಂಡು ನರಳಿದರು, ಕಣ್ಣು ಹಳದಿಯಾಯಿತು. ಇಲಿ ಜ್ವರ, ಕೊಳಕು ನೀರು ಗಾಯಕ್ಕೆ ಸೇರಿ ಬರುತ್ತದೆ ಎಂದು ಡಾಕ್ಟರ್ ಹೇಳಿದರು. ಆಂಟಿಯ ಡಯಾಲಿಸಿಸ್ ನಡೆಯುತ್ತಿದ್ದ ಆಸ್ಪತ್ರೆಯಲ್ಲೇ ಅವರನ್ನೂ ಸೇರಿಸಿದೆವು. ಆಂಟಿ ಮಂಚದ ಪಕ್ಕ ಕೂತು, ಮೊಳೆ ಹೊಡೆಸಿ ತಪ್ಪು ಮಾಡಿದೆ ಎಂದು ಅತ್ತಾಗ, ಓನರ್ ಕಷ್ಟಪಟ್ಟು ಹೆಂಡತಿಯ ಕಡೆ ಹೊರಳಿದರು.

"ನಿನ್ನ ನಿಂಬೆಹಣ್ಣಿಂದ್ಲೇ ಕಣೇ ನಾವು ದಡ ಸೇರಿದ್ದು," ಅಂದರು.

ಅದು ಶುದ್ಧ ಸುಳ್ಳು ಎಂದು ನಮಗೆ ಮೂವರಿಗೂ ಗೊತ್ತಿತ್ತು. ನಾನು ಅವರ ಬಾಯಿಂದ ಕೇಳಿದ ಕೊನೆಯ ಮಾತು ಅದೇ. ಎರಡು ದಿನಕ್ಕೆ ಹೋಗಿಬಿಟ್ಟರು. ನಾನು ತುಂಬ ಅತ್ತೆ. ನನ್ನ ತಂದೆ ತೀರಿಕೊಂಡಾಗಲೂ ಅಷ್ಟು ಅತ್ತಿರಲಿಲ್ಲ.

ಆಂಟಿ ಈಗ ಒಬ್ಬರೇ. ಆಸ್ಪತ್ರೆಗೆ ನಾನೇ ಜೊತೆಗೆ ಹೋಗುತ್ತೇನೆ. ದೋಣಿಯ ತೂತನ್ನು ನನ್ನ ಗಂಡ ಎಪಾಕ್ಸಿ ಹಾಕಿ ಮುಚ್ಚಿದ್ದಾರೆ, ಆದರೆ ಮಳೆಯ ದಿನ ಅವರು ಎಲ್ಲಿರುತ್ತಾರೋ ಹೇಳಲಾಗದು. ಈ ಸಲ ಜೂನಿನಲ್ಲಿ ಮೊದಲ ದೊಡ್ಡ ಮಳೆ ಸುರಿದ ಸಂಜೆ ಕೆಳಗೆ ಹೋಗಿ, ಬೀದಿಗೆ ನೀರು ಬಂದರೆ ಹಗ್ಗ ನಾನೇ ಹಿಡಿಯುತ್ತೇನೆ ಎಂದು ಆಂಟಿಗೆ ಹೇಳಿದೆ. ಹೇಳಿ, ಅವರು ಬೇಡ ಅನ್ನಲಿ ಎಂದು ಕಾದೆ. ನಿಜ ಹೇಳಬೇಕೆಂದರೆ, ಬೇಡ ಅನ್ನಲಿ ಎಂದು ದೇವರಲ್ಲಿ ಬೇಡಿಕೊಂಡೆ.

ಅವರು ಬೇಡ ಅನ್ನಲಿಲ್ಲ. ಕನ್ನಡಕ ಹಾಕಿಕೊಂಡು, ದೀಪದ ಕೆಳಗೆ ಕುರ್ಚಿ ಎಳೆದರು.

"ಕೂತ್ಕೋ. ಸೀರೆ ಮೇಲೆತ್ತು. ಕಾಲಲ್ಲಿ ಎಲ್ಲೂ ಗಾಯ ಇರಬಾರ್ದು."

ನಾನು ಕೂತೆ. ಅವರು ನೆಲದ ಮೇಲೆ ಕೂತು, ನನ್ನ ಪಾದ ತಮ್ಮ ಮಡಿಲಿಗಿಟ್ಟುಕೊಂಡು, ಒಂದೊಂದೇ ಬೆರಳ ಸಂದಿ ಬಿಡಿಸಿ ನೋಡತೊಡಗಿದರು.