ಪಕ್ಕಾ ಮಂದಿ, ಟೈಂಪಾಸ್ ಮಂದಿ

ಬ್ಯಾಡಗಿಯಲ್ಲಿ ಯಾರ ಕೈಯನ್ನೂ ನಂಬಬಾರದು. ಮಗುವಿನ ಗಲ್ಲ ಹಿಂಡಿದವರಿರಲಿ, ಗುಡಿಯಲ್ಲಿ ಪ್ರಸಾದ ಕೊಟ್ಟವರಿರಲಿ, ಎಲ್ಲರ ಬೆರಳಿನಲ್ಲೂ ಮೆಣಸಿನಕಾಯಿಯ ಖಾರ ಇರುತ್ತದೆ. ಕಣ್ಣು ತುರಿಸಿದರೆ ತೋಳಿನಿಂದ ಒರೆಸಿಕೊಳ್ಳಬೇಕು, ಬೆರಳು ಮುಟ್ಟಿಸಬಾರದು. ಈ ಊರಿಗೆ ಸೊಸೆಯಾಗಿ ಬಂದಾಗ ಅತ್ತೆ ಕಲಿಸಿದ ಒಳ್ಳೆಯ ಮಾತು ಅದೊಂದೇ.

ನಮ್ಮ ಮನೆ ಬಸ್ ಸ್ಟ್ಯಾಂಡಿನಿಂದ ಮೆಣಸಿನಕಾಯಿ ಪೇಟೆಗೆ ಹೋಗುವ ದಾರಿಯಲ್ಲಿದೆ. ಮುಂದಿನ ಕೋಣೆಯಲ್ಲಿ ಗಂಡ ಹಿಟ್ಟಿನ ಗಿರಣಿ ಹಾಕಿದ್ದ. ಅವನಿಗೆ ಗಿರಣಿಗಿಂತ ಇಸ್ಪೀಟಿನ ಮೇಲೆ ಹೆಚ್ಚು ಜೀವ. ಜೋಳ ಹೊತ್ತು ತಂದವರು ಕಾದು ಕಾದು ಅವನಿಗೆ ನಾಲ್ಕು ಬೈದು ಬೇರೆ ಗಿರಣಿಗೆ ಹೋಗುತ್ತಿದ್ದರು. ಅವನು ಸತ್ತ ಮೇಲೆ ಗಿರಣಿ ಮಾರಿದೆ. ಹಾವೇರಿಯಿಂದ ಮಗಳು, ಅಳಿಯ ಬಂದು ತಮ್ಮ ಮನೆಯಲ್ಲೇ ಇರಬೇಕೆಂದರು. ಅಳಿಯ ಕೋರ್ಟಿನಲ್ಲಿ ಗುಮಾಸ್ತರು, ಒಳ್ಳೆಯವರೇ. ಆದರೆ ಆ ಮನೆಯಲ್ಲಿ ಬೀಗತಿ ಇದ್ದಾಳೆ. ದಿನಕ್ಕೆ ಎರಡು ಸಲ ಸ್ನಾನ ಮಾಡುವವಳು. ಉಳಿದ ಹೊತ್ತಿನಲ್ಲಿ ಬೇರೆಯವರು ಮಾಡಿದ್ದಾರೋ ಇಲ್ಲವೋ ಎಂದು ನೋಡುವವಳು. ಈ ಮುಂದಿನ ಕೋಣೆಯಿಂದ ನನ್ನ ಹೊಟ್ಟೆಪಾಡು ನಡೆಯುವವರೆಗೆ ಬರುವುದಿಲ್ಲ, ನಡೆಯದಿದ್ದರೆ ಬರುತ್ತೇನೆ ಎಂದೆ. ಅಳಿಯಂದಿರು ಕೋರ್ಟಿನವರಲ್ಲವೇ, ಆ ಮಾತನ್ನು ಮರೆಯಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಹುಬ್ಬಳ್ಳಿಯ ಒಬ್ಬ ಸಾಹುಕಾರ ಬಂದು ಕೋಣೆ ನೋಡಿದ. ಊರೂರಿಗೆ ವಿಡಿಯೋ ಗೇಮಿನ ಮಿಷನ್ ಇಡುವುದು ಅವನ ದಂಧೆ. ಮಿಷನ್ ಅವನದು, ಕೋಣೆ, ಕರೆಂಟು ನನ್ನದು, ಬಂದದ್ದರಲ್ಲಿ ಇಬ್ಬರಿಗೂ ಪಾಲು. ಕಪಾಟಿನಷ್ಟು ಎತ್ತರದ ಮೂರು ಮಿಷನ್ ತಂದು ನಿಲ್ಲಿಸಿದ. ಎರಡರಲ್ಲಿ ಹೊಡೆದಾಟ. ಮೂರನೆಯದು ಕಾರು. ಅದಕ್ಕೆ ಕುರ್ಚಿ, ಸ್ಟೇರಿಂಗ್ ಎಲ್ಲ ಇತ್ತು. ರೂಪಾಯಿ ಹಾಕಿದರೆ ಕಾರು ಓಡುತ್ತದೆ, ಮರಕ್ಕೆ ಗುದ್ದಿದರೆ ನಿಲ್ಲುತ್ತದೆ. ಬದುಕೇ ಹಾಗೆ ಎಂದು ಹೇಳಲು ನಾನು ಶರಣೆಯಲ್ಲ. ಕಾರು ಅಷ್ಟೇ.

ಹೊಡೆದಾಟದ ಮಿಷನ್ನುಗಳನ್ನು ನಾಲ್ಕು ಜನ ತಮ್ಮ ಹಿರಿಯರ ಆಸ್ತಿಯಂತೆ ಹಿಡಿದುಬಿಟ್ಟರು. ಅವರಲ್ಲಿ ಹಿರಿಯ ಒಬ್ಬ ದರ್ಜಿ. ಇಪ್ಪತ್ತೈದರ ಗಂಡಸು, ಪಕ್ಕದ ಓಣಿಯಲ್ಲಿ ಅಂಗಡಿ. ಅವನ ಬೆರಳು ಗುಂಡಿಗಳ ಮೇಲೆ ಓಡುವುದನ್ನು ನೋಡಿದರೆ ಈ ಕೈಯಿಂದ ದಿನಕ್ಕೆ ಹತ್ತು ಜಂಪರ್ ಹೊಲಿಯಬಹುದು ಅನ್ನಿಸುತ್ತಿತ್ತು. ಅವನು ಒಂದನ್ನೂ ಹೊಲಿಯುತ್ತಿರಲಿಲ್ಲ. ಆ ನಾಲ್ವರು ಮಿಷನ್ನಿಗೆ ಆತು ನಿಲ್ಲುತ್ತಿದ್ದರು, ಸೋತರೆ ಗುದ್ದುತ್ತಿದ್ದರು. ಕರೆಂಟು ಹೋದರೆ ನಾನೇ ತೆಗೆದೆನೆಂಬಂತೆ ನನ್ನ ಮುಖ ನೋಡುತ್ತಿದ್ದರು. ಪೇಟೆಗೆ ಬಂದ ರೈತ ಯಾರಾದರೂ ಆಸೆಪಟ್ಟು ಹಿಡಿಕೆ ಹಿಡಿದರೆ, ಅವನು ಸೀನುವಷ್ಟರಲ್ಲಿ ಮಿಷನ್ ಅವನನ್ನು ಕೊಂದಿರುತ್ತಿತ್ತು. ನಾಲ್ವರೂ ನಗುತ್ತಿದ್ದರು. ಆ ರೈತ ಮತ್ತೆ ಬರುತ್ತಿರಲಿಲ್ಲ.

ಅವರ ಒಳ್ಳೆಯದನ್ನೂ ಹೇಳಬೇಕು. ಹಿಡಿಕೆ ಸಡಿಲಾದರೆ ದರ್ಜಿ ತನ್ನ ಹೊಲಿಗೆ ಯಂತ್ರದ ಎಣ್ಣೆ ತಂದು ಬಿಟ್ಟು ಸರಿ ಮಾಡುತ್ತಿದ್ದ. ನಾನು ಕೇಳಬೇಕಾಗಿರಲಿಲ್ಲ.

ಕಾರಿಗೆ ಗಿರಾಕಿಗಳು ಬಂದದ್ದೂ ದರ್ಜಿಯ ದೆಸೆಯಿಂದಲೇ. ಅವನನ್ನು ಹುಡುಕಿಕೊಂಡು ಹೆಂಗಸರು ನಮ್ಮ ಕೋಣೆಗೆ ಬರುತ್ತಿದ್ದರು. ಹೆಚ್ಚಿನವರು ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವರು.

"ನಾಳೆ ಲಗ್ನ ಐತಿ, ಜಂಪರಿಗೆ ಇನ್ನ ತೋಳ ಹಚ್ಚಿಲ್ಲ. ಏಳ್ತಿಯೋ, ನಾ ಎಬ್ಬಸ್ಲ್ಯೋ?"

"ಇದೊಂದು ಜೀವ ಮುಗೀಲಿ ಯಕ್ಕಾ, ಬಂದೆ" ಎಂದು ದರ್ಜಿ ಪರದೆಯಿಂದ ಕಣ್ಣು ತೆಗೆಯದೆ ಹೇಳುತ್ತಿದ್ದ.

"ಯಾರದು, ಅದರದೋ ನಿಂದೋ?"

ಕಾಯುತ್ತಾ ನಿಂತವಳು ಕಾರಿನ ಕುರ್ಚಿ ಖಾಲಿ ಇದೆಯೆಂದು ಕುಳಿತಳು. ಕುಳಿತವಳು ಸ್ಟೇರಿಂಗ್ ತಿರುಗಿಸಿದಳು. ಮರುದಿನ ಮೂವರನ್ನು ಕರೆತಂದಳು. ಒಬ್ಬಳು ಓಡಿಸುವುದು, ಮೂವರು ದಾರಿ ಹೇಳುವುದು. "ಎಡಕ್ಕ, ಎಡಕ್ಕ, ನಿನ್ನ ಗಂಡನ ಮನಿ ಕಡೆ" ಎಂದರೆ, ಓಡಿಸುವವಳು "ಹಂಗಾದ್ರ ಬಲಕ್ಕ ಹೊಡೀತೇನಿ" ಎಂದು ಹೋಗಿ ಮರಕ್ಕೆ ಗುದ್ದುತ್ತಿದ್ದಳು. ಯಾರಿಗೂ ಬೇಸರವಿಲ್ಲ. ನಕ್ಕು, ಒಂದು ಚರಿಗೆ ನೀರು ಕುಡಿದು ಕೆಲಸಕ್ಕೆ ಹೋಗುತ್ತಿದ್ದರು. ಆಮೇಲೆ ರೈತರೂ ಶುರು ಮಾಡಿದರು. ಪೇಟೆಯಲ್ಲಿ ಚೀಲ ಇಳಿಸಿ, ಕೊಳ್ಳುವವರು ಚೀಟಿಯಲ್ಲಿ ಟೆಂಡರ್ ಬರೆದುಹಾಕಿದ ಮೇಲೆ, ಧಾರಣೆ ಕೂಗುವ ತನಕ ರೈತನಿಗೆ ಕೆಲಸವಿಲ್ಲ. ಬೀಡಿ ಎಷ್ಟು ಅಂತ ಸೇದುತ್ತಾನೆ? ಬಂದು ಕಾರು ಓಡಿಸುತ್ತಿದ್ದ.

ಒಂದು ದಿನ ಸಾಹುಕಾರ ಮಿಷನ್ನಿನ ರೂಪಾಯಿ ಪೆಟ್ಟಿಗೆ ತೆರೆಯಲು ಬಂದಾಗ ಕಾರಿನ ಸುತ್ತ ಏಳು ಜನ ಹೆಂಗಸರಿದ್ದರು. ಅವನ ಮುಖ ಹುಳಿಯಾಯಿತು.

"ಏನ್ರೀ ಅವ್ವಾರ, ಇಲ್ಲಿ ಸಂತಿ ಹಚ್ಚೀರಲ್ಲ?"

"ಗಿರಾಕಿ ಅದಾರ ಸಾವಕಾರ."

"ಇವರು ಗಿರಾಕಿ ಅಲ್ರಿ, ಟೈಂಪಾಸ್ ಮಂದಿ. ಬಸ್ ಬರೋ ಮಟ ಆಡ್ತಾರ, ಬಸ್ ಬಂದ್ರ ಮರೀತಾರ. ಪಕ್ಕಾ ಮಂದೀನ ಹಿಡೀಬೇಕು. ಅವರು ಊಟ ಬಿಡ್ತಾರ, ಆಟ ಬಿಡಂಗಿಲ್ಲ. ಆಟ ಗಟ್ಟಿ ಆದಷ್ಟೂ ಬರ್ತಾರ, ಸೋತಷ್ಟೂ ಬರ್ತಾರ. ಮಿಷನ್ ಮಾಡೋ ಕಂಪನಿಯವರು ಹುಚ್ಚರೇನ್ರಿ? ಈಗ ಬರೋವೆಲ್ಲ ಗಟ್ಟಿ ಆಟನ."

"ನನ್ನ ಗಂಡನೂ ಪಕ್ಕಾ ಇದ್ದ. ಅವನ ಇಸ್ಪೀಟ್ ಎಲಿ ಮಾಡಿದ ಕಂಪನಿ ಉದ್ಧಾರ ಆಗಿರಬೇಕು. ನನ್ನ ಗಿರಣಿ ಮುಳುಗ್ತು."

ಅವನಿಗೆ ನನ್ನ ಗಿರಣಿ ಕಟ್ಟಿಕೊಂಡು ಏನಾಗಬೇಕು? ಕಾರು ತೆಗೆದು ಇನ್ನೊಂದು ಹೊಡೆದಾಟದ ಮಿಷನ್ ಇಡುತ್ತೇನೆ ಎಂದ. ರಾಣೆಬೆನ್ನೂರಿನ ಹುಡುಗರನ್ನು ಕರೆಸಿ ಪಂದ್ಯ ಇಡೋಣ, ಹೆಸರಾಗುತ್ತದೆ ಎಂದ. ನನಗೆ ಒಪ್ಪಿಗೆ ಇಲ್ಲದಿದ್ದರೆ ಮೂರನ್ನೂ ಲಾರಿಗೆ ಹಾಕಿ ರಾಣೆಬೆನ್ನೂರಿಗೆ ಒಯ್ಯುವುದಾಗಿ ಹೇಳಿದ. ಅಲ್ಲಿ ಪಕ್ಕಾ ಮಂದಿ ಬೇಕಾದಷ್ಟು ಇದ್ದಾರಂತೆ. ನನ್ನ ಕಣ್ಣ ಮುಂದೆ ಬೀಗತಿ ಸ್ನಾನ ಮಾಡಿ ನಿಂತಂತಾಯಿತು. ಪಂದ್ಯ ಇಡಿ ಎಂದೆ.

ಅವನು ಗೊತ್ತು ಮಾಡಿದ್ದು ಗುರುವಾರ. ಅದು ನಮ್ಮ ಪೇಟೆ ಕೂಡುವ ದಿನ ಎಂಬ ಖಬರು ಹುಬ್ಬಳ್ಳಿಯವನಿಗೆ ಇರಲಿಲ್ಲ. ಶಿವರಾತ್ರಿಯ ಮುಂಚಿನ ಕಾಲ, ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲ, ಊರಿಗೆ ಊರೇ ಕೆಮ್ಮುತ್ತಿತ್ತು. ಸಾಹುಕಾರ ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ ಬಂದ. ರಾಣೆಬೆನ್ನೂರಿನಿಂದ ಆರು ಜನ ಬಸ್ಸಿಳಿದರು. ಅವರ ಮುಖ್ಯ ಆಟಗಾರ ದುಂಡಗಿನ ಮೈಯವನು, ಮಾತೇ ಆಡದವನು, ಮಠಕ್ಕೆ ಹೊಸದಾಗಿ ಬಂದ ಮರಿಸ್ವಾಮಿಯ ಹಾಗಿದ್ದ. ನಮ್ಮ ಕಡೆಯಿಂದ ದರ್ಜಿ. ಅವನು ಅಂದು ಅಂಗಡಿಯ ಬಾಗಿಲನ್ನೇ ತೆಗೆದಿರಲಿಲ್ಲ.

ಆಟ ಶುರುವಾಗಬೇಕೆನ್ನುವಾಗ ಕರೆಂಟು ಹೋಯಿತು. ಆಟಗಾರರೆಲ್ಲ ಚಹಾ ಕುಡಿಯಲು ಹೋದರು. ಅಷ್ಟರಲ್ಲಿ ತೊಟ್ಟು ಬಿಡಿಸುವ ಹೆಂಗಸರು ಊಟದ ಬಿಡುವಿಗೆ ಬಂದರು. ಕರೆಂಟು ಬಂದೇ ಬಿಟ್ಟಿತು. ಕಾರಿನ ಮುಂದೆ ಆಗಲೇ ಇಬ್ಬರು ರೈತರು ಕೂತಿದ್ದರು.

"ಇದರಾಗ ಏನೈತಿ ನೋಡೂಣು ತಡಿ" ಎಂದು ಒಬ್ಬಳು ಹೊಡೆದಾಟದ ಹಿಡಿಕೆ ಹಿಡಿದಳು. ಒಬ್ಬಳಾದ ಮೇಲೆ ಒಬ್ಬಳು ಹಿಡಿದರು. ಗುಂಡಿಗಳನ್ನು ಕಡಲೆ ಹಿಟ್ಟು ಕಲೆಸಿದಂತೆ ಕಲೆಸಿದರು. ನಾನು ಬೇಡ ಅನ್ನಲಿಲ್ಲ. ಅವರ ಕೈ ತೊಳೆದಿದೆಯೋ ಎಂದು ಕೇಳುವುದು ನನಗೆ ಹೊಳೆಯಲೇ ಇಲ್ಲ. ನಮ್ಮಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಮಜ್ಜಿಗೆಯಲ್ಲಿ ತಿಕ್ಕಿದರೂ ಹೋಗದ ಖಾರ ಅದು.

ಚಹಾ ಮುಗಿಸಿ ಬಂದವರು ಪಂದ್ಯ ಶುರು ಮಾಡಿದರು. ಕೋಣೆಯಲ್ಲಿ ಗಾಳಿಯಿಲ್ಲ, ಇಬ್ಬರಿಗೂ ಬೆವರು ಇಳಿಯುತ್ತಿತ್ತು. ದರ್ಜಿ ಬ್ಯಾಡಗಿಯವನು, ಭುಜಕ್ಕೆ ಮುಖ ತಿಕ್ಕಿ ಆಡುತ್ತಿದ್ದ. ರಾಣೆಬೆನ್ನೂರಿನವನು ಮೊದಲನೇ ಸುತ್ತು ಗೆದ್ದ. ಎರಡನೆಯದರಲ್ಲಿ ಪರದೆಯ ಮೇಲಿನ ದರ್ಜಿಯ ಮನುಷ್ಯನನ್ನು ಮೂಲೆಗೆ ತಳ್ಳಿ ಒದೆಯುತ್ತಿದ್ದವನು, ಎಡಗೈಯಿಂದ ಒಮ್ಮೆ ಕಣ್ಣು ಒರೆಸಿಕೊಂಡ. ಅಷ್ಟೇ. "ಯವ್ವಾ" ಎಂದವನು ಬಲಗೈಯಿಂದ ಇನ್ನೊಂದು ಕಣ್ಣನ್ನೂ ಒರೆಸಿಕೊಂಡ. ಅಲ್ಲಿಗೆ ಎರಡೂ ಹೋದವು.

ನೆಲದ ಮೇಲೆ ಕುಳಿತು ಅಳುತ್ತಿದ್ದವನನ್ನು ದರ್ಜಿ ಒಮ್ಮೆ ನೋಡಿದ. ಆಮೇಲೆ ಪರದೆಯ ಮೇಲೆ ಸುಮ್ಮನೆ ನಿಂತಿದ್ದ ಅವನ ಮನುಷ್ಯನನ್ನು ಸಾವಕಾಶವಾಗಿ ಹೊಡೆದು ಕೆಡವಿದ. ಪಕ್ಕಾ ಅಂದರೆ ಇದು.

"ಮೋಸ ಇದು. ಬೇಕಂತ ಖಾರ ಸವರ್ಯಾರ" ಎಂದು ರಾಣೆಬೆನ್ನೂರಿನವರು ಕೂಗಾಡಿದರು. ಹೆಂಗಸರಲ್ಲಿ ಒಬ್ಬಳು ಆ ಹುಡುಗನ ತಲೆ ಹಿಂದಕ್ಕೆ ಬಗ್ಗಿಸಿ ಕಣ್ಣಿಗೆ ನೀರು ಸುರಿಯುತ್ತಾ, "ಬೇಕಂತ ಸವರಾಕ ಈಗಿನ ರೇಟಿನಾಗ ಯಾರಿಗೆ ಪರವಡತೈತೋ ಯಪ್ಪಾ? ಸುಮ್ನ ಕುಂದ್ರು" ಎಂದಳು. ಬಾಗಿಲಲ್ಲಿ ನಿಂತಿದ್ದ ಕುಪ್ಪೇಲೂರಿನ ಮುದುಕನೊಬ್ಬ ತನ್ನ ಚೀಲದ ಧಾರಣೆಯನ್ನೇ ಮರೆತು ನಗುತ್ತಿದ್ದ.

ಜಗಳ ಬಿಡಿಸಲು ಹೋದ ಸಾಹುಕಾರ ಹಿಡಿಕೆ ಮುಟ್ಟಿ ನೋಡಿ, ಅದೇ ಕೈಯಿಂದ ಮೂಗು ಒರೆಸಿಕೊಂಡ. ಅವನಿಗೂ ನೀರು ಹಾಕಿದೆವು.

ಮರುವಾರ ಲಾರಿ ಬಂತು. ಸಾಹುಕಾರ ಹೊಡೆದಾಟದ ಮಿಷನ್ನುಗಳನ್ನು ಒರೆಸಿ ಒರೆಸಿ ಹೇರಿಕೊಂಡ. ಕಾರಿನ ಸ್ಟೇರಿಂಗಿಗೆ ಸುತ್ತಿದ ರೆಕ್ಸಿನ್ನು ಎರಡು ಸುಗ್ಗಿಯ ಖಾರ ಕುಡಿದು ಕೆಂಪಗಾಗಿತ್ತು.

"ಇದನ್ನ ರಾಣೆಬೆನ್ನೂರಾಗ ಇಟ್ರ ನನ್ನ ಮ್ಯಾಲೆ ಕೇಸ್ ಹಾಕ್ತಾರ. ನೀವ ಇಟ್ಕೊರಿ ಅವ್ವಾರ, ನಿಮ್ಮ ಟೈಂಪಾಸ್ ಮಂದಿಗೆ" ಎಂದು ಬಿಟ್ಟುಹೋದ. ನಾನು ವಾದ ಮಾಡಿ ಗೆದ್ದೆನೆಂದು ಬರೆದರೆ ಸುಳ್ಳಾಗುತ್ತದೆ.

ಯುಗಾದಿಯ ತನಕ ಕಾರಿನ ಕುರ್ಚಿ ಆರಲಿಲ್ಲ. ಆಮೇಲೆ ಸುಗ್ಗಿ ಮುಗಿಯಿತು. ರೈತರು ಬರಲಿಲ್ಲ, ತೊಟ್ಟು ಬಿಡಿಸುವವರು ಹೊಲದ ಕೆಲಸಕ್ಕೆ ಹೋದರು. ಮಳೆ ಹಿಡಿದ ಮೇಲಂತೂ ಕೋಣೆಯಲ್ಲಿ ನಾನು, ಕಾರು, ಇಬ್ಬರೇ. ಪಕ್ಕಾ ಮಂದಿ ಇದ್ದಿದ್ದರೆ ಗೋಣಿಚೀಲ ಹೊದ್ದುಕೊಂಡಾದರೂ ಬರುತ್ತಿದ್ದರು. ಅವರೀಗ ಆಟಕ್ಕಾಗಿ ರಾಣೆಬೆನ್ನೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದರು. ದರ್ಜಿ ಅಂಗಡಿಯನ್ನು ತಮ್ಮನಿಗೆ ಬಿಟ್ಟನಂತೆ. ಸಾಹುಕಾರ ಬಂದು ಕಾರಿನ ಪೆಟ್ಟಿಗೆ ಅಲ್ಲಾಡಿಸಿದ.

"ನಾ ಹೇಳಿದ್ದ ಖರೇ ಆತಿಲ್ರಿ?"

"ಆತು" ಎಂದೆ.

"ಮುಂದಿನ ತಿಂಗಳು ಹಿಂಗ ಇದ್ರ ಇದನ್ನೂ ಒಯ್ತೇನಿ. ಗುಜರಿಗೆ ಹಾಕ್ತೇನಿ."

ಸುದ್ದಿ ಹಾವೇರಿಗೆ ಮುಟ್ಟಿತು. ಮಗಳಿಗೆ ಹೇಳಿದವಳು ನಾನೇ. ಮಾತು ಕೊಟ್ಟಿದ್ದೆನಲ್ಲ. ಐತವಾರ ಜಿಟಿಜಿಟಿ ಮಳೆಯಲ್ಲಿ ಅಳಿಯಂದಿರು ಛತ್ರಿ ಹಿಡಿದು ಬಂದರು.

"ಇನ್ನ ಸಾಕ್ರಿ ಅತ್ತಿಯವರ, ಬರ್ರಿ. ಹನ್ನೊಂದರ ಬಸ್ಸಿಗೆ ಹೋಗೂಣು."

"ಕುಂದ್ರಿ, ಅರಿವಿ ಕಟ್ಕೋತೇನಿ" ಎಂದೆ. ಕೋಣೆಯಲ್ಲಿ ಬೇರೆ ಕುರ್ಚಿ ಇರಲಿಲ್ಲ, ಅವರು ಕಾರಿನದರಲ್ಲಿ ಕುಳಿತರು. ನಾನು ಒಳಗೆ ಸೀರೆಗಳನ್ನು ಮಡಚಿ ಗಂಟು ಕಟ್ಟುತ್ತಿದ್ದೆ. ಹೊರಗೆ ರೂಪಾಯಿ ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಗುದ್ದಿದ ಸದ್ದು.

"ಆ ಮರ ಎಲ್ಲಿಂದ ಬಂತ್ರಿ?"

"ಅದು ಅಲ್ಲೇ ಇತ್ತು. ನೀವು ಬಂದ್ರಿ."

ಮತ್ತೆ ರೂಪಾಯಿ ಬಿತ್ತು. ನಾನು ಗಂಟು ಹಿಡಿದು ಹೊಸ್ತಿಲಲ್ಲಿ ನಿಂತೆ. ಹನ್ನೊಂದರ ಬಸ್ಸು ನಮ್ಮ ಮನೆಯ ಮುಂದೆಯೇ ಹಾರ್ನ್ ಹೊಡೆದು ಹೋಯಿತು. ಅಳಿಯಂದಿರು ಚಪ್ಪಲಿ ಕಳಚಿ, ಅಂಗಿಯ ತೋಳು ಮಡಚಿದ್ದರು. "ಈ ತಿರುವು ಒಂದು ದಾಟ್ತೇನಿ, ಹೋಗೂಣು" ಎಂದರು. ಒಂದು ಗಂಟೆಯ ಬಸ್ಸೂ ಹೋಯಿತು. ರೊಟ್ಟಿ ಬಡಿದು ಕೊಟ್ಟೆ, ಒಂದೇ ಕೈಯಲ್ಲಿ ತಿಂದರು. ಪಕ್ಕಾ ಮಂದಿ ಹುಟ್ಟುವುದು ಎಲ್ಲಿ ಎಂದು ಸಾಹುಕಾರನಿಗೆ ತೋರಿಸಬೇಕೆನಿಸಿತು: ಇಲ್ಲಿ, ಬಸ್ಸಿಗೆ ಕಾಯುವ ಕುರ್ಚಿಯ ಮೇಲೆ. ಮೊದಲೇ ಹೆದರಿಸಿ ಓಡಿಸಿದರೆ ಎಲ್ಲಿಂದ ಬರಬೇಕು?

ಸಂಜೆ ಐದಕ್ಕೆ ಅವರೇ ಎದ್ದರು.

"ಮಳಿ ಭಾಳ ಐತ್ರಿ ಅತ್ತಿಯವರ. ನೀವು ತೋಯಿಸ್ಕೊಂಡು ಬರೋದು ಬ್ಯಾಡ. ಮುಂದಿನ ಐತವಾರ ಬಂದು ಕರ್ಕೊಂಡು ಹೋಗ್ತೇನಿ."

ಮಳೆ ನಿಂತು ಎರಡು ತಾಸಾಗಿತ್ತು. ನಾನು ಹೂಂ ಎಂದೆ.

ಮುಂದಿನ ಐತವಾರ ಬಂದರು, ಕೋರ್ಟಿನ ಇಬ್ಬರು ಗೆಳೆಯರ ಜೊತೆ. ಅತ್ತೆಯ ಸಾಮಾನು ಹೊರಲು ಕರೆದೊಯ್ಯುತ್ತೇನೆ ಎಂದು ಮನೆಯಲ್ಲಿ ಹೇಳಿದ್ದರಂತೆ. ನನ್ನ ಸಾಮಾನು ಒಂದು ಗಂಟು. ಅದನ್ನು ಎತ್ತಲು ಮೂವರಲ್ಲಿ ಯಾರಿಗೂ ಪುರುಸೊತ್ತಾಗಲಿಲ್ಲ. ಅವರು ಕೊನೆಯ ಬಸ್ಸಿಗೆ ಓಡಿದ ಮೇಲೆ ನಾನೇ ಬಿಚ್ಚಿ, ಸೀರೆಗಳನ್ನು ಜಂತಿಯ ಹಗ್ಗಕ್ಕೆ ಹಾಕಿದೆ.