ತುಟಿ ಮುಚ್ಚಿದ ಮೇಲೆ ಬಂದ ದನಿ

ಅದು 1999ರ ಬೇಸಿಗೆ. ಶಿಕಾರಿಪುರದ ನಮ್ಮ ಮನೆಯ ಮುಂದಿನ ಕೋಣೆಯೇ ನಮ್ಮವರ ವಿಡಿಯೋ ಸ್ಟುಡಿಯೋ. ಆ ದಿನ ಬೆಳಿಗ್ಗೆಯೂ ಎಂದಿನಂತೆ ನಲ್ಲಿ ನೀರು ತುಂಬಿ, ರೊಟ್ಟಿ ಬಡಿದು, ಕೈಯ ಹಿಟ್ಟು ತೊಳೆದುಕೊಂಡು ಬಂದು ಕಂಪ್ಯೂಟರಿನ ಮೇಲೆ ಹೊದಿಸಿದ್ದ ಬಟ್ಟೆಯನ್ನು ತೆಗೆದು ಮಡಿಸಿಟ್ಟೆ. ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಮ್ಯಾನ್ಯುಯಲ್ ಓದಿ ಹೇಳಲಿ ಎಂದು ನಮ್ಮವರು ನನ್ನನ್ನು ಅದರ ಮುಂದೆ ಕೂರಿಸಿದ್ದರು. ವರ್ಷ ಕಳೆಯುವುದರೊಳಗೆ ಎಡಿಟಿಂಗ್ ಪೂರ್ತಿ ನನ್ನ ಪಾಲಿಗೆ ಬಂದಿತ್ತು. ಒಲೆಯಿಂದ ಕಂಪ್ಯೂಟರಿಗೆ ಹನ್ನೊಂದು ಹೆಜ್ಜೆ. ಸಾರು ಕುದಿಯುವಷ್ಟರಲ್ಲಿ ಒಂದು ಟೈಟಲ್ ಮುಗಿಸುತ್ತಿದ್ದೆ.

ನಮಗೆ ಬರುತ್ತಿದ್ದುದೆಲ್ಲ ಮದುವೆ ಕ್ಯಾಸೆಟ್ಟುಗಳು. ಅವುಗಳ ಮೂಲ ಸದ್ದನ್ನು ತೆಗೆದುಹಾಕಿ, ವಾಲಗವನ್ನೋ ಹಾಡನ್ನೋ ಕೂರಿಸುವುದು ನಮ್ಮ ಪದ್ಧತಿ. "ಬೀಗರು ಏನು ಮಾತಾಡಿದ್ರು ಅಂತ ಯಾರು ಕೇಳ್ತಾರೆ? ಕೇಳಿಸದೇ ಇದ್ರೇ ಎರಡೂ ಮನೆಗೆ ಒಳ್ಳೇದು" ಎನ್ನುತ್ತಿದ್ದರು ನಮ್ಮವರು. ಹಾಗಾಗಿ ಚಿತ್ರ ನೋಡುವಾಗ ಸ್ಪೀಕರಿನ ದನಿ ತಗ್ಗಿಸಿಯೇ ನೋಡುವುದು ನನಗೂ ರೂಢಿಯಾಗಿತ್ತು.

ಎಂಟೂವರೆಗೆ ಆನವಟ್ಟಿ ಕಡೆಯ ಗಿರಿಜಮ್ಮ ಮಗಳನ್ನು ಕರೆದುಕೊಂಡು ಬಂದರು. ಸುಮಾಗೆ ಆಗ ಐದೂವರೆ ವರ್ಷ, ಹುಟ್ಟಿನಿಂದ ಕಿವಿ ಮಂದ. ಫ್ರಾಕಿನ ಎದೆಯ ಮೇಲೆ ತಾಯಿ ಹೊಲಿದ ಬೇರೆ ಬಣ್ಣದ ಜೇಬು, ಅದರಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಮಷಿನ್, ಅಲ್ಲಿಂದ ಕಿವಿಗೆ ಒಂದು ವೈರು. ಇಂಥ ಮಕ್ಕಳಿಗೆ ಮಾತು ಕಲಿಸುವ ಅರ್ಧ ಗಂಟೆಯ ಪಾಠವೊಂದು ಟಿ.ವಿ.ಯಲ್ಲಿ ಬಂದಿತ್ತು. ಗಿರಿಜಮ್ಮನ ಅಣ್ಣ ಅದನ್ನು ಟೇಪಿಗೆ ಹಿಡಿದಿದ್ದರು. ಟೀಚರ ತುಟಿ ನೋಡುತ್ತ, ದನಿ ಕೇಳುತ್ತ ಮಗು ಎರಡು ಮೂರು ಪದ ಕಲಿತಿತ್ತು. ಟೇಪು ಸವೆಯುತ್ತಿದೆ, ಜಾಹೀರಾತು ತೆಗೆದು ಸಿ.ಡಿ. ಮಾಡಿಕೊಡಿ ಎಂದು ಮೂರು ವಾರದ ಹಿಂದೆ ಕೊಟ್ಟಿದ್ದರು. ಮಾಡಿಕೊಟ್ಟವಳು ನಾನೇ.

"ಸಿ.ಡಿ. ಹಾಕಿದಾಗಿಂದ ಇವಳು ಬಾಯೇ ಬಿಡ್ತಿಲ್ಲ ಅಕ್ಕಾ" ಎಂದರು ಗಿರಿಜಮ್ಮ. "ಬರ್ತಿದ್ದ ಮಾತೂ ಹೋಯ್ತು. ನಾಲ್ಕು ಮಾತಾದ್ರೂ ಬಂದ್ರೆ ಜೂನ್‌ಗೆ ಶಾಲೆಗೆ ಸೇರಿಸ್ಕೋತೀನಿ ಅಂದಿದ್ರು ನಮ್ಮೂರ ಮೇಷ್ಟ್ರು. ಕಿವಿ ಮಷಿನ್ ಕೆಟ್ಟಿರಬೇಕು ಅಂತ ನಾಳೆ ಶಿವಮೊಗ್ಗಕ್ಕೆ ಹೊರಟಿದೀನಿ. ಅದಕ್ಕೆ ಮುಂಚೆ ನಿಮ್ಮ ಸಿ.ಡಿ. ಒಂದ್ಸಲ ನೋಡಿಬಿಡಿ."

ಸುಮಾಳನ್ನು ಕಂಪ್ಯೂಟರಿನ ಮುಂದೆ ಸ್ಟೂಲಿನ ಮೇಲೆ ಕೂರಿಸಿ ಸಿ.ಡಿ. ಹಾಕಿದೆ. ಮೊದಲ ಎರಡು ನಿಮಿಷ ಎಲ್ಲ ಸರಿಯಾಗಿತ್ತು. ನಾನು ಕಳಿಸುವ ಮೊದಲು ಪರೀಕ್ಷಿಸಿದ್ದೂ ಅಷ್ಟೇ. ಆಮೇಲೆ ಮಗು ಟೀಚರ ಬಾಯಿ ನೋಡಿತು, ಸ್ಪೀಕರ್ ಕಡೆ ತಿರುಗಿತು, ಮತ್ತೆ ಬಾಯಿ ನೋಡಿತು. ಕೊನೆಗೆ ಕಿವಿಯ ವೈರನ್ನೇ ಕಿತ್ತು ಮಡಿಲಲ್ಲಿಟ್ಟುಕೊಂಡಿತು. ಆಗ ನನ್ನ ಕಣ್ಣಿಗೂ ಬಿತ್ತು. ಟೀಚರು 'ಅಮ್ಮ' ಎಂದು ತುಟಿ ಮುಚ್ಚಿ ತೆರೆದು ಸುಮ್ಮನಾದ ಮೇಲೆ ದನಿ ಬರುತ್ತಿತ್ತು.

ಸಿ.ಡಿ. ನಿಲ್ಲಿಸಿದೆ. "ಮಷಿನ್ ಸರಿಯಾಗೇ ಇದೆ ಗಿರಿಜಮ್ಮ. ತಪ್ಪು ನನ್ನದು" ಎಂದೆ.

ಕಾರಣ ಹುಡುಕಲು ಹೊತ್ತು ಹಿಡಿಯಿತು. ನಮ್ಮ ಟಿ.ವಿ.ಯಲ್ಲಿ ಸೆಕೆಂಡಿಗೆ ಇಪ್ಪತ್ತೈದು ಬಿಡಿ ಚಿತ್ರಗಳು ಓಡುತ್ತವೆ, ಒಂದೊಂದೂ ಒಂದು ಫ್ರೇಮ್. ಟೇಪನ್ನು ಕಂಪ್ಯೂಟರಿಗೆ ಇಳಿಸುವಾಗ ಚಿತ್ರ ಹರಿದಂತಾದ ಕಡೆ ಕ್ಯಾಪ್ಚರ್ ಕಾರ್ಡ್ ಫ್ರೇಮನ್ನು ಬಿಟ್ಟುಬಿಡುತ್ತದೆ. ಸದ್ದನ್ನು ಮಾತ್ರ ಬಿಡುವುದಿಲ್ಲ. ಬಿಟ್ಟುಹೋದ ಫ್ರೇಮುಗಳಷ್ಟು ಚಿತ್ರ ಮುಂದೋಡಿ, ಸದ್ದು ಹಿಂದೆ ಬೀಳುತ್ತದೆ. ನಮ್ಮಲ್ಲೇ ಉಳಿದಿದ್ದ ಅವರ ಟೇಪು ಹಾಕಿ ನೋಡಿದರೆ, ಹೆಚ್ಚು ಸವೆದಿದ್ದದ್ದು 'ಅಮ್ಮ' ಪಾಠದ ಜಾಗ. ಗಿರಿಜಮ್ಮ ದಿನಾ ಹಿಂದಕ್ಕೆ ಸುತ್ತಿ ಸುತ್ತಿ ತೋರಿಸಿದ್ದು ಅದನ್ನೇ.

ಅರ್ಧ ಗಂಟೆಯನ್ನೂ ಒಂದೇ ಸಲ ಇಳಿಸಿದ್ದೆ. ಈಗ ಪದಕ್ಕೊಂದು ಫೈಲಿನಂತೆ ಇಳಿಸಿದರೆ ಒಂದರ ತಪ್ಪು ಮುಂದಿನದಕ್ಕೆ ಹೋಗದು ಎನಿಸಿತು. ಆದರೆ ಚಿತ್ರಕ್ಕೆ ಸದ್ದನ್ನು ಜೋಡಿಸಲು ಗುರುತು ಬೇಕಲ್ಲ? ಪ, ಬ, ಮ ಹೇಳುವಾಗ ಯಾರ ತುಟಿಯೂ ಮುಚ್ಚಲೇಬೇಕು. ಆ ತುಟಿ ತೆರೆಯುವ ಫ್ರೇಮಿಗೆ ಸದ್ದನ್ನು ಎಳೆದು ಕೂರಿಸಿದೆ. ಮೊದಲ ಸಲ ಹೆಚ್ಚು ಎಳೆದು ದನಿ ತುಟಿಗಿಂತ ಮುಂಚೆ ಬಂತು.

ನಮ್ಮವರು ಸ್ಟುಡಿಯೋ ಬಾಗಿಲು ಓರೆ ಮಾಡಿ ಬಂದು ಸುಮಾಳ ಎದುರಿಗೆ ನೆಲದ ಮೇಲೆ ಕುಳಿತರು. "ನೀನು ಪರದೆ ನೋಡು, ನಾನು ಮಗೂನ ನೋಡ್ತೀನಿ. ಸರಿಯಾದದ್ದು ಅದಕ್ಕೇ ಗೊತ್ತಾಗೋದು" ಎಂದರು. ಬೈಯಬಹುದಿತ್ತು, ಬೈಯಲಿಲ್ಲ. ಆ ಮಾತಿಗೆ ನಾನು ಇವತ್ತಿಗೂ ಅವರಿಗೆ ಋಣಿ.

ನಾಲ್ಕನೇ ಸಲಕ್ಕೆ, ಮಧ್ಯಾಹ್ನ ಎರಡರ ಹೊತ್ತಿಗೆ, ಸುಮಾ ಮಡಿಲಿನ ವೈರನ್ನು ತಾನೇ ಎತ್ತಿ ಕಿವಿಗೆ ಸಿಕ್ಕಿಸಿಕೊಂಡಳು. ತುಟಿ ಮುಚ್ಚಿದಳು. "ಅಮ್ಮ" ಅಂದಳು. ಮತ್ತೆ ಅಂದಳು, ಇನ್ನೂ ಜೋರಾಗಿ ಅಂದಳು. ಮುಂದೆ ಅದೇ ಆಟವಾಯಿತು. ಗಿರಿಜಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಗೋಡೆಗೆ ಒರಗಿ ಕುಳಿತುಬಿಟ್ಟಿದ್ದರು.

ಆ ದಿನ ಮುಗಿದದ್ದು ಆ ಒಂದು ಪಾಠ. ಉಳಿದವಕ್ಕೆ ಇನ್ನೂ ನಾಲ್ಕು ದಿನ ಹಿಡಿಯಿತು. ಅಂದಿನಿಂದ ಯಾವ ಕೆಲಸವನ್ನೂ ನಾನು ಕೊನೆಯ ನಿಮಿಷದವರೆಗೆ, ದನಿ ಏರಿಸಿಯೇ ನೋಡಿದ್ದೇನೆ. ನೋಡುವವರು ನಮಗಿಂತ ಹೆಚ್ಚು ನಂಬಿ ನೋಡುತ್ತಾರೆ ಎಂದು ನನಗೆ ಕಲಿಸಿದವಳು ಆ ಹುಡುಗಿ.

ಆ ದಿನ ಸಂಜೆ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಪಕ್ಕದ ಮನೆಯ ಪಾರ್ವತಕ್ಕ ಗೋಡೆಯಾಚೆಯಿಂದ ಮುಖ ಎತ್ತಿದರು. ನಮ್ಮ ಮನೆಗೆ ಬಂದವರು ಯಾರು, ಎತ್ತ, ಒಂದೂ ಅವರಿಗೆ ತಿಳಿಯದು.

"ಮಧ್ಯಾಹ್ನ ಕಣ್ಣು ಮುಚ್ಚೋಕೆ ಬಿಡಲಿಲ್ಲ ನೋಡ್ರೀ ನಿಮ್ಮನೆಗೆ ಬಂದ ಕೂಸು. 'ಅಮ್ಮಾ, ಅಮ್ಮಾ' ಅಂತ ಒಂದೇ ಸಮ ಕರೀತಿತ್ತು. ಅದರ ತಾಯಿ ಒಂದ್ಸಲನಾದ್ರೂ 'ಏನೇ' ಅನ್ನಬಾರದೇನ್ರೀ?"